ಹತ್ತಿ ಕಾಕಾರ ಪಿಎಸ್‌ಎ

ನಮ್ಮ ಲ್ಯಾಬಿನ ಗೋಡೆಯ ಮೇಲೆ ‘ಶಾಂತತೆ ಕಾಪಾಡಿ’ ಎಂಬ ಬೋರ್ಡಿದೆ. ಪ್ರಾಸ್ಟೇಟ್ ದೊಡ್ಡದಾದ ಗಂಡಸರು ಬರುವ ದಿನ ಆ ಬೋರ್ಡಿನ ಮಾತು ನಡೆಯುವುದಿಲ್ಲ. ನಾನು ಬಯೋಕೆಮಿಸ್ಟ್ರಿ ಓದಿ ಧಾರವಾಡದ ಈ ಸಣ್ಣ ಲ್ಯಾಬಿಗೆ ಸೇರಿದವಳು. ಹುಬ್ಬಳ್ಳಿಯ ವಿದ್ಯಾನಗರದ ಮೂತ್ರರೋಗ ತಜ್ಞರೊಬ್ಬರು ತಮ್ಮ ಧಾರವಾಡದ ರೋಗಿಗಳನ್ನು ನಮ್ಮಲ್ಲಿಗೆ ಪಿಎಸ್‌ಎ ಪರೀಕ್ಷೆಗೆ ಕಳಿಸುತ್ತಾರೆ. ಪಿಎಸ್‌ಎ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ಗ್ರಂಥಿ ಬೆಳೆದರೂ, ಊದಿಕೊಂಡರೂ, ಅಲ್ಲಿ ಕ್ಯಾನ್ಸರ್ ಆದರೂ ರಕ್ತದಲ್ಲಿ ಅದರ ಅಂಕಿ ಏರುತ್ತದೆ. ರಕ್ತ ತೆಗೆಯಲು ಎರಡು ನಿಮಿಷ ಸಾಕು. ಪ್ರಸಂಗಗಳೆಲ್ಲ ಅದರ ಆಚೀಚೆ ನಡೆಯುತ್ತವೆ.

ಇಲ್ಲಿ ಹೇಳುವುದು ಒಬ್ಬರದೇ ಕಥೆ. ಅವರು ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿ ಅಂಗಡಿ ಬಿಟ್ಟುಕೊಟ್ಟವರು. ಈಗ ದಿನಾ ಬೆಳಿಗ್ಗೆ ಸಮವಯಸ್ಕರ ಜೊತೆ ಕೆಲಗೇರಿ ಕೆರೆಯ ದಂಡೆಯ ಮೇಲೆ ವಾಕಿಂಗ್ ಮಾಡುತ್ತಾರೆ. ಎಲ್ಲರಿಗೂ ಅವರು ಹತ್ತಿ ಕಾಕಾ. ನನಗೂ ಅದೇ ರೂಢಿಯಾಯಿತು.

೧. ಎಷ್ಟು ಸಲ?

ರಕ್ತ ತೆಗೆಯುವ ಮೊದಲು ಡಾಕ್ಟರು ಕೊಟ್ಟ ಒಂದು ಫಾರ್ಮ್ ತುಂಬಬೇಕು. ಕಾಕಾ ಬಂದರು, ಜೊತೆಗೆ ಅವರ ಹೆಂಡತಿ ಕಾಕು. ನಾನು ಕೇಳಿದೆ:

“ರಾತ್ರಿ ಲಘುಶಂಕೆಗೆ ಎಷ್ಟ ಸಲ ಏಳ್ತೀರಿ, ಕಾಕಾರ?”

ಕಾಕಾ ಸೂರು ನೋಡುತ್ತ, “ಒಂದ ಸಲ,” ಎಂದರು.

ಬಾಗಿಲ ಹತ್ತಿರ ನಿಂತಿದ್ದ ಕಾಕು, “ಐದ ಸಲ ಬರ್ಕೋ ಯವ್ವಾ,” ಎಂದರು.

“ನೀ ಸುಮ್ನಿರ. ಮಲಕೊಂಡಾಕಿಗೆ ಏನ ಗೊತ್ತ?”

“ಐದೂ ಸಲ ಬಚ್ಚಲ ಕದ ಕಿರ್ ಅಂದದ್ದು ನನಗ ಕೇಳಸೇತಿ. ಕದಕ್ಕ ಎಣ್ಣಿ ಹಾಕ್ರಿ ಅಂತ ದೀಪಾವಳಿಯಿಂದ ಹೇಳಾಕತ್ತೇನಿ.”

ಕಾಕಾ ನನ್ನ ಕಡೆ ತಿರುಗಿದರು. “ನೋಡ ಯವ್ವಾ, ನೀ ಕೇಳಿದ್ದು ಎಷ್ಟ ಸಲ ಏಳ್ತೀರಿ ಅಂತ. ನಾ ಎದ್ದದ್ದು ಒಂದ ಸಲ. ಆಮ್ಯಾಲೆ ನಿದ್ದೀನ ಹತ್ತಲಿಲ್ಲ. ನಿದ್ದಿ ಹತ್ತದ ಮ್ಯಾಲೆ ಏಳೂದೆಲ್ಲಿಂದ ಬಂತು?”

ನಾನು ಐದು ಎಂದು ಬರೆದೆ. ಅಂದಿನಿಂದ ಫಾರ್ಮ್ ತುಂಬುವಾಗ ಹೆಂಡತಿಯರಿಗೂ ಒಂದು ಕುರ್ಚಿ ಹಾಕುತ್ತೇನೆ. ಅವರಷ್ಟು ನಿಖರವಾದ ಉಪಕರಣ ನಮ್ಮ ಲ್ಯಾಬಿನಲ್ಲಿ ಇನ್ನೊಂದಿಲ್ಲ.

೨. ರೇಟು ಏರಿತು

ಕಾಕಾರ ಪಿಎಸ್‌ಎ ಹನ್ನೊಂದು ಬಂತು. ನಾಲ್ಕರ ಒಳಗಿದ್ದರೆ ಸಾಮಾನ್ಯವಾಗಿ ಡಾಕ್ಟರುಗಳು ಚಿಂತೆ ಮಾಡುವುದಿಲ್ಲ. ನಾನು ರಿಪೋರ್ಟನ್ನು ಡಾಕ್ಟರಿಗೂ ಕಾಕಾರ ಮೊಬೈಲಿಗೂ ಕಳಿಸಿ, ಡಾಕ್ಟರನ್ನು ಬೇಗ ಕಾಣಿರಿ ಎಂದು ಬರೆದೆ.

ಮರುದಿನ ಬೆಳಿಗ್ಗೆ ಕಾಕಾ ಲ್ಯಾಬಿಗೇ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ.

“ತಗೋ ಯವ್ವಾ, ಬಾಯಿ ಸಿಹಿ ಮಾಡ್ಕೋ.”

ನಾನು ಒಂದು ಪೇಢೆ ತೆಗೆದುಕೊಂಡು ಅರ್ಧ ಕಚ್ಚಿದೆ. “ಏನ ವಿಶೇಷ, ಕಾಕಾರ?”

“ಹನ್ನೊಂದು! ವಾಕಿಂಗ್ ಮಾಡೂ ಮಂದ್ಯಾಗ ಎಲ್ಲಾರದೂ ಕೇಳಿದೆ. ಮಾಸ್ತರದು ಎರಡೂವರಿ. ಜಲಮ ಪೂರ್ತಿ ಗಣಿತ ಕಲಿಸಿದ ಮನಶ್ಯಾ, ಎರಡೂವರಿ! ನಂದು ಅವಂದಕ್ಕಿಂತ ನಾಕ ಪಟ್ಟು ಜಾಸ್ತಿ.”

ನಲವತ್ತು ವರ್ಷ ಮಾರುಕಟ್ಟೆಯಲ್ಲಿ ಕಳೆದವರಿಗೆ ಅಂಕಿ ಏರುವುದು ಶುಭವಾರ್ತೆ. ಆ ತಪ್ಪು ಅವರದಲ್ಲ, ಅರ್ಥ ಹೇಳದೆ ಅಂಕಿ ಕಳಿಸಿದ ನನ್ನದು. ನಾನು ಅವರನ್ನು ಕೂಡಿಸಿ ನಿಧಾನವಾಗಿ ಹೇಳಿದೆ: ಇದು ಕಡಿಮೆ ಇದ್ದಷ್ಟೂ ಛಲೋ. ಏರಿದ್ದಕ್ಕೆ ಕಾರಣ ಮೂರರಲ್ಲಿ ಯಾವುದೂ ಆಗಿರಬಹುದು. ಯಾವುದೆಂದು ಡಾಕ್ಟರೇ ಹೇಳಬೇಕು.

“ಮೂರರಾಗ ಕ್ಯಾನ್ಸರೂ ಐತೇನು?”

“ಐತ್ರಿ. ಆದ್ರ ಅದ ಅಂತ ಯಾರೂ ಹೇಳಿಲ್ರಿ.”

ಕಾಕಾ ಪೊಟ್ಟಣದ ದಾರ ಮತ್ತೆ ಕಟ್ಟಿದರು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದರು. ನನ್ನ ಕೈಯಲ್ಲಿ ಇನ್ನೂ ಅರ್ಧ ಪೇಢೆಯಿತ್ತು.

“ಅದನ್ನರ ಮುಗಸ ಯವ್ವಾ,” ಎಂದರು. “ವಾಪಸ್ ತಗೊಳ್ಳೂಹಂಗಿಲ್ಲ.”

೩. ಎರಡು ದಿನ ಸೈಕಲ್ ಬೇಡ

ಡಾಕ್ಟರು ಮೂತ್ರ ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಸೋಂಕಿತ್ತು. ಗ್ರಂಥಿ ಬೆಳೆದದ್ದಂತೂ ಖರೆ, ಅದರ ಮೇಲೆ ಸೋಂಕಿನಿಂದ ಊದಿಕೊಂಡಿರಬಹುದು ಎಂದು ಔಷಧ ಬರೆದರು. ಆರು ವಾರ ಬಿಟ್ಟು ಮತ್ತೆ ಪಿಎಸ್‌ಎ. ಇಳಿಯದಿದ್ದರೆ ಸ್ಕ್ಯಾನಿಂಗ್, ಆಮೇಲೆ ಸೂಜಿ ಹಾಕಿ ಗ್ರಂಥಿಯ ಚೂರು ತೆಗೆದು ನೋಡುವುದು.

ಆ ಆರು ವಾರ ಕಾಕು ಎರಡು ಸಲ ತಮ್ಮ ಸಕ್ಕರೆ ಪರೀಕ್ಷೆಯ ನೆಪದಲ್ಲಿ ಬಂದರು. “ಮನ್ಯಾಗ ಮಾತಿಲ್ಲ ಕಥಿಲ್ಲ ಯವ್ವಾ. ನಿನ್ನೆ ಕಪಾಟ ತಗದು, ಯಾವ ಕಾಗದ ಎಲ್ಲೈತಿ ಅಂತ ನನಗ ತೋರಿಸಿದ್ರು. ಲಗ್ನ ಆದಾಗಿಂದ ಆ ಕಪಾಟ ಮುಟ್ಟಾಕ ಬಿಟ್ಟಿರಲಿಲ್ಲ. ನಾ ಹೇಳಿದೆ, ಈಗೂ ಬ್ಯಾಡ, ನೀವ ಇಟ್ಕೋರಿ ಅಂತ.” ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು.

ಎರಡನೆಯ ಪರೀಕ್ಷೆಗೆ ಮೂರು ದಿನ ಮೊದಲು ನಾನೇ ಕಾಕಾರಿಗೆ ಫೋನ್ ಮಾಡಿದೆ. ವಾಕಿಂಗ್ ಒಂದು ಬಿಟ್ಟರೆ ಅವರು ಎಲ್ಲಿಗೆ ಹೊರಟರೂ ಸೈಕಲ್ ಮೇಲೆಯೇ. ಸೈಕಲ್ ತುಳಿದರೆ ಸೀಟು ಆ ಗ್ರಂಥಿಯನ್ನು ಒತ್ತಿ ಅಂಕಿ ಏರಬಹುದು, ಆದ್ದರಿಂದ ಎರಡು ದಿನ ಸೈಕಲ್ ಹತ್ತಬೇಡಿ ಎಂದೆ. “ಹತ್ತೂದಿಲ್ಲ,” ಎಂದು ಮಾತು ಕೊಟ್ಟರು.

ಪರೀಕ್ಷೆಯ ದಿನ ಕಿಟಕಿಯಿಂದ ನೋಡುತ್ತೇನೆ: ಕಾಕಾ ಲ್ಯಾಬಿನ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತಿದ್ದಾರೆ. ಮೈಯೆಲ್ಲ ಬೆವರು.

“ಕಾಕಾರ, ಸೈಕಲ್ ಹತ್ತಬ್ಯಾಡ್ರಿ ಅಂದಿದ್ದೆ!”

“ಹತ್ತಿಲ್ಲಲಾ. ಕೆಲಗೇರಿಯಿಂದ ದೂಕ್ಕೋತ ಬಂದೇನಿ.”

“ದೂಕೂ ಬದ್ಲಿ ಮನ್ಯಾಗ ಬಿಟ್ಟ ಬರಬೇಕಿಲ್ಲೇನ್ರಿ?”

“ಸೈಕಲ್ ಇಲ್ದ ಹೊಂಟ್ರ ಹಾದ್ಯಾಗ ಎಲ್ಲಾರೂ ‘ಯಾಕ ಕಾಕಾ, ಏನಾತು?’ ಅಂತ ಕೇಳತಾರ. ಅವರಿಗೆಲ್ಲಾ ಏನ ಹೇಳಲಿ?”

“ದೂಕೂದನ್ನ ನೋಡಿ ಯಾರೂ ಕೇಳಲಿಲ್ಲೇನು?”

“ಕೇಳಿದ್ರು. ಪಂಕ್ಚರ್ ಅಂದೆ.” ಹಣೆಯ ಬೆವರು ಒರೆಸಿಕೊಂಡು ಹೇಳಿದರು: “ಮೂರ ಮಂದಿ ಪಂಪ್ ತಂದ್ರು, ಬ್ಯಾಡ ಅನ್ನೂದರಾಗ ಸಾಕಾತು.”

ನಾನು ಅವರನ್ನು ಅರ್ಧ ಗಂಟೆ ಕೂಡಿಸಿ, ಬೆವರು ಆರಿದ ಮೇಲೆ ರಕ್ತ ತೆಗೆದೆ. ಫಾರ್ಮಿನಲ್ಲಿ ‘ಸೈಕಲ್ ತುಳಿದಿಲ್ಲ’ ಎಂದು ಬರೆದೆ. ತಳ್ಳಿದ್ದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

೪. ಸಿಟ್ಟು

ಅಂಕಿ ಮೂರು ಬಂತು. ನಾನು ನಂಬಲಿಲ್ಲ. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ನೋಡಿ, ಅದೇ ರಕ್ತವನ್ನು ಇನ್ನೊಮ್ಮೆ ಹಾಕಿದೆ. ಮತ್ತೆ ಮೂರು. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. “ಶಭಾಷ್! ಊತ ಇಳದೈತಿ. ಸೂಜಿ ಬ್ಯಾಡ ಅಂತ ಹೇಳ್ರಿ. ಮೂರ ತಿಂಗಳಿಗೆ ಮತ್ತ ನೋಡೋಣು,” ಎಂದರು.

ಈ ಸಲ ಬರೀ ಅಂಕಿ ಕಳಿಸಲಿಲ್ಲ. ಇಬ್ಬರನ್ನೂ ಕರೆಸಿ ಎರಡು ಕುರ್ಚಿ ಹಾಕಿದೆ. ಕಾಕಾ ಕಣ್ಣು ಮುಚ್ಚಿ, “ಹೇಳ,” ಎಂದರು.

“ಇಳದೈತ್ರಿ. ಮೂರು.”

ಕಾಕಾ ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿಂದ ನೀರು ಇಳಿಯಿತು. ಕಾಕುಗೆ ಮಾತ್ರ ವಿವರ ಬೇಕಿತ್ತು.

“ಅಂದ್ರ ಗ್ರಂಥಿ ಸಣ್ಣದಾತೇನು?”

“ಇಲ್ರಿ, ಅದು ದೊಡ್ಡದ ಐತಿ. ಸೋಂಕಿಗೆ ಊದಿಕೊಂಡಿತ್ತು, ಅಷ್ಟ ಇಳದೈತಿ. ರಾತ್ರಿ ಏಳೂದು ಪೂರ್ತಿ ನಿಲ್ಲೂದಿಲ್ಲ, ಗುಳಿಗಿ ನಡಸಬೇಕು.”

ಕಾಕು ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿ ಹೇಳಿದರು: “ತಿಳೀತ ಬಿಡ, ಇವರ ಹಂಗನ ಅದೂ. ಮನಶ್ಯಾ ಹಂಗ ಅದಾನ, ಸಿಟ್ಟಷ್ಟ ಇಳದೈತಿ.”

೫. ಸತ್ಕಾರ

ಧಾರವಾಡದಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಸತ್ಕಾರ ಮಾಡದೆ ಬಿಡುವುದಿಲ್ಲ. ಗಣಿತದ ಮಾಸ್ತರರೇ ಮುಂದಾಗಿ ಬಡಾವಣೆಯ ಸಣ್ಣ ಸಭಾಭವನ ಹಿಡಿದರು. ‘ಪಿಎಸ್‌ಎ ಇಳಿದ ಪ್ರಯುಕ್ತ ಸತ್ಕಾರ ಸಮಾರಂಭ’ ಎಂದು ಬ್ಯಾನರ್ ಕಟ್ಟಿಸಿದರು. ಅಧ್ಯಕ್ಷರು ಅವರೇ, ಮುಖ್ಯ ಅತಿಥಿ ನಾನು. ‘ಪ್ರಾಸ್ಟೇಟ್ ಊತ ಮತ್ತು ರಕ್ತ ಪರೀಕ್ಷೆ’ ಎಂದು ನಾಲ್ಕು ನಿಮಿಷದ ಭಾಷಣ ಬರೆದುಕೊಂಡು, ಮನೆಯಲ್ಲಿ ಗಡಿಯಾರ ಇಟ್ಟು ಓದಿ ನೋಡಿದ್ದೆ.

ಮಾಸ್ತರರ ಲೆಕ್ಕದಲ್ಲಿ ಒಂದೇ ಒಂದು ತಪ್ಪಾಯಿತು. ಮಂದಿ ಹೊತ್ತಿಗೆ ಸರಿಯಾಗಿ ಬರಲಿ ಎಂದು ಚಹಾವನ್ನು ಕಾರ್ಯಕ್ರಮದ ಮೊದಲೇ ಇಟ್ಟರು. ಬಂದ ಗಂಡಸರೆಲ್ಲ ಅರವತ್ತೈದು ದಾಟಿದವರು. ಎಲ್ಲರೂ ಎರಡೆರಡು ಕಪ್ ಕುಡಿದರು. ಭವನಕ್ಕೆ ಇದ್ದದ್ದು ಒಂದೇ ಶೌಚಾಲಯ.

ಪ್ರಾರ್ಥನೆಯ ಹೊತ್ತಿಗೆ ಇಬ್ಬರು ಎದ್ದರು. ಸ್ವಾಗತ ಭಾಷಣಕ್ಕೆ ಐವರು. ನಾನು ಕಾಗದ ಬಿಚ್ಚಿ ನಿಂತಾಗ ಎದುರಿಗೆ ಉಳಿದವರು ಹೆಂಗಸರಷ್ಟೇ. ಅವರು ಗಮನವಿಟ್ಟು ಕೇಳಿದರು. ಮುಂದಿನ ಸಾಲಿನಿಂದ ಕಾಕು ಎರಡು ಕಡೆ “ಖರೇ ಐತಿ” ಎಂದರು.

“ಈಗ ಸತ್ಕಾರ,” ಎಂದು ಮಾಸ್ತರರು ಮೈಕಿನಲ್ಲಿ ಹೇಳಿ ಶಾಲು ಬಿಚ್ಚಿದರು. ಪಕ್ಕದ ಕುರ್ಚಿ ಖಾಲಿ.

“ಸತ್ಕಾರಮೂರ್ತಿಗಳು ಎಲ್ಲಿ?”

“ಪಾಳ್ಯಾಗ ಅದಾರ್ರಿ,” ಎಂದು ಹಿಂದಿನಿಂದ ಯಾರೋ ಕೂಗಿದರು.

ಮಾಸ್ತರರಿಗೂ ಅವಸರವಿತ್ತೆಂದು ಕಾಣುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎತ್ತಿಕೊಂಡು ವೇದಿಕೆ ಇಳಿದರು. ಹೆಂಗಸರು, ಫೋಟೋದವನು, ನಾನು, ಎಲ್ಲರೂ ಹಿಂದೆ ಹೋದೆವು. ಶೌಚಾಲಯದ ಮುಂದಿನ ಪಾಳಿಯ ಸಾಲಿನಲ್ಲಿ ಕಾಕಾ ಒಂಬತ್ತನೆಯವರು. ಮಾಸ್ತರರು ಅಲ್ಲಿಯೇ ಶಾಲು ಹೊದಿಸಿ ಹಾರ ಹಾಕಿದರು. ಫೋಟೋ ಆಯಿತು. “ಧಾರವಾಡದಾಗ ಒಬ್ಬರೂ ಉದ್ದ ಭಾಷಣ ಮಾಡದ ಕಾರ್ಯಕ್ರಮ ಇದೊಂದ,” ಎಂದು ಮಾಸ್ತರರು ಘೋಷಿಸಿದರು. ವಂದನಾರ್ಪಣೆ ಮಾಡಬೇಕಾದವರು ಮೂರನೆಯ ಸ್ಥಾನದಲ್ಲಿದ್ದರು. ಜಾಗ ಬಿಡದೆ, ಕುತ್ತಿಗೆ ಮಾತ್ರ ತಿರುಗಿಸಿ ಎಲ್ಲರನ್ನೂ ವಂದಿಸಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊದಲ ಸ್ಥಾನದಲ್ಲಿದ್ದ ಅಜ್ಜನವರು ಒಳಗೆ ಕಾಲಿಡಲು ಹೋದವರು ನಿಂತರು. ಕಾಲು ಕೂಡಿಸಿಕೊಂಡು, ಹಲ್ಲು ಕಚ್ಚಿ, ಬದಿಗೆ ಸರಿದರು.

“ಸರೀರಿ, ಎಲ್ಲಾರೂ ಸರೀರಿ! ಸತ್ಕಾರಮೂರ್ತಿಗಳನ್ನ ಮುಂದ ಬಿಡ್ರಿ!”

ಪಾಳಿ ಪೂರ್ತಿ ಗೋಡೆಗೆ ಒತ್ತಿ ನಿಂತಿತು. ಅಂಥ ಹೊತ್ತಿನಲ್ಲಿ ಅಂಥ ತ್ಯಾಗ ನಾನು ನೋಡಿಲ್ಲ. ಚಪ್ಪಾಳೆಯ ನಡುವೆ, ಶಾಲು ಹೊದ್ದು, ಹಾರ ಸರಿಮಾಡಿಕೊಳ್ಳುತ್ತ ಕಾಕಾ ನಡೆದುಹೋದರು. ಹೊಸ್ತಿಲು ದಾಟಿದ ಮೇಲೆ ತಿರುಗಿ ನಿಂತು, ಎರಡೂ ಕೈ ಜೋಡಿಸಿ ಸಭೆಗೆ ನಮಸ್ಕಾರ ಮಾಡಿ, ಒಳಗಿನಿಂದ ಚಿಲಕ ಹಾಕಿಕೊಂಡರು.