ಅತ್ತೆಯ ಹಾಲಿವುಡ್ ನರ್ತಕಿ

ನನ್ನ ಅತ್ತೆಯವರನ್ನು ಮಾತ್ರ ನಂಬಬೇಡಿ. ಕೈಯಲ್ಲಿ ಜಪಮಣಿ, ಬಾಯಲ್ಲಿ ಹಾಲಿವುಡ್! ಆರು ತಿಂಗಳಿಗೆಂದು ಮೈಸೂರಿನಿಂದ ನೈರೋಬಿಯ ಲ್ಯಾವಿಂಗ್ಟನ್‌ನ ನಮ್ಮ ಫ್ಲಾಟಿಗೆ ಬಂದವರು, ಚಟ್ನಿಪುಡಿಯ ಜೊತೆ ಕಪ್ಪು-ಬಿಳುಪು ಕಾಲದ ಒಬ್ಬ ನಟಿಯನ್ನೂ ಕಟ್ಟಿಕೊಂಡು ಬಂದರು. ಹುಡುಗಿಯಾಗಿದ್ದಾಗ ಮನೆಯವರ ಕಣ್ಣು ತಪ್ಪಿಸಿ ಅವಳ ಸಿನಿಮಾ ಒಂದೂ ಬಿಡದೆ ನೋಡಿದ್ದರಂತೆ.

ನೋಡಲಿ, ನನಗೇನು? ಆದರೆ ಆ ನಟಿಯ ಕಥೆಯನ್ನು ನನ್ನ ಒಂಬತ್ತು ವರ್ಷದ ಮಗಳಿಗೆ ದಿನಕ್ಕೊಂದು ಕಂತಿನಂತೆ ಹೇಳತೊಡಗಿದರು. ಒಂದೇ ಷರತ್ತು: ಪ್ರಶ್ನೆ ಕನ್ನಡದಲ್ಲೇ ಇರಬೇಕು. ಇಂಗ್ಲಿಷ್ ಬಂತೋ, ಅವತ್ತಿನ ಕಥೆ ಬಂದ್!

ಈ ಮಗಳಿದ್ದಾಳಲ್ಲ, ನಾನು "ಊಟ ಮಾಡ್ತೀಯಾ ಪುಟ್ಟಿ?" ಎಂದರೆ "ನಾಟ್ ಹಂಗ್ರಿ, ಮಮ್ಮಾ" ಎನ್ನುವವಳು. ಬೇಡಿದ್ದೆ, ಬೈದಿದ್ದೆ, ಚಾಕೊಲೇಟಿನ ಲಂಚ ಕೊಟ್ಟಿದ್ದೆ. ಈಗ ಅಜ್ಜಿಗೆ ಅಂಟಿ ಕುಳಿತು "ಆಮೇಲೆ ಏನಾಯ್ತು ಅಜ್ಜಿ?" ಎನ್ನುತ್ತಾಳೆ! ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು?

"ಮೊದ್ಲು ಹಿಂದಿನ ಸಾಲಲ್ಲಿ ಕುಣೀತಿದ್ಲು. ಸ್ಟುಡಿಯೋದವ್ರು ಮುಂದೆ ಕರ್ಕೊಂಡ್ ಬಂದು ಹೆಸ್ರೇ ಬದಲಾಯಿಸ್ಬಿಟ್ರು."

"ಹೆಸ್ರು ಯಾಕೆ?"

"ನಂಗೂ ಮದ್ವೇಲಿ ಬದಲಾಯಿಸಿದ್ರು ಕಣೇ. ಕುಣಿಯಕ್ಕೆ ಮಾತ್ರ ಬಿಡ್ಲಿಲ್ಲ!"

ಒಂದು ದಿನ ಅತ್ತೆ ನನ್ನ ಮಗಳ ಹಳೆಯ ಶೂಗಳಡಿ ಸೋಡಾ ಬಾಟಲಿಯ ಮುಚ್ಚಳಗಳನ್ನು ಅಂಟಿಸಿ, ಆ ನಟಿಯ ಟಕಟಕ ಸದ್ದಿನ ಹೆಜ್ಜೆ ಕಲಿಸಿದರು. ಮನೆಗೆಲಸದಾಕೆ ತನ್ನ ಸ್ವಾಹಿಲಿಯಲ್ಲಿ "ಸವಾ, ಸವಾ!", ಅಂದರೆ ಸರಿ ಸರಿ, ಎಂದು ಚಪ್ಪಾಳೆ ತಟ್ಟಿದಳು. ಗಲಾಟೆಯೆಂದು ಜಗಳಕ್ಕೆ ಬಂದ ಕೆಳಗಿನ ಫ್ಲಾಟಿನವರು ಕಾಫಿ ಕುಡಿದು, ಎರಡು ಹೆಜ್ಜೆ ಕಲಿತು ಹೋದರು. ಸಿಡುಕಿದ್ದು ನಾನೊಬ್ಬಳೇ.

ನಾನೇನು ಕಡಿಮೆ? ನನ್ನ ಕಾಲೇಜಿನ ಸಾಹಸಗಳನ್ನು ಹೇಳಲು ಶುರುಮಾಡಿದೆ. ಮಗಳು ಆಕಳಿಸಿ, "ಅಜ್ಜಿ ಟೆಲ್ಸ್ ಇಟ್ ಬೆಟರ್" ಎಂದಳು. ನನ್ನದೇ ಕಥೆಯನ್ನು!

ಆರು ತಿಂಗಳು ಮುಗಿದು ಅತ್ತೆ ಊರಿಗೆ ಹೊರಟಾಗ, ಸುಳ್ಳೇಕೆ, ಒಳಗೊಳಗೇ ಖುಷಿಪಟ್ಟೆ. ಮೂರನೆಯ ದಿನ ಮಗಳು ಅಡುಗೆಮನೆಗೆ ಬಂದಳು.

"ಅಮ್ಮ, ಅವ್ಳು ಸಿನಿಮಾ ಬಿಟ್ಮೇಲೆ ಏನಾಯ್ತು? ಅಜ್ಜಿ ಹೇಳ್ಲೇ ಇಲ್ಲ."

"ಅಜ್ಜಿಗೇ ಫೋನ್ ಮಾಡಿ ಕೇಳು."

"ಕೇಳ್ದೆ. ಅದು ನಿಮ್ಮಮ್ಮಂಗೆ ಮಾತ್ರ ಗೊತ್ತು ಅಂದ್ರು."

ನನಗೆ ಆ ನಟಿಯ ತಲೆಬುಡ ಗೊತ್ತಿರಲಿಲ್ಲ. ಅದು ಅತ್ತೆಗೂ ಚೆನ್ನಾಗಿ ಗೊತ್ತಿತ್ತು; ಕೊನೆಯ ಕಂತನ್ನು ಬೇಕೆಂದೇ ನನಗೆ ಬಿಟ್ಟಿದ್ದರು. ಇಷ್ಟು ದಿನ ಉರಿದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಬಾಲ್ಕನಿಗೆ ಹೋಗಿ ಮೈಸೂರಿಗೆ ಫೋನ್ ಹಚ್ಚಿದೆ.

"ಅತ್ತೆ, ಅವಳಿಗೆ ನಾನೇನು ಹೇಳ್ಲಿ?"

"ಏನಾದ್ರೂ ಹೇಳಮ್ಮ," ಎಂದರು ಅತ್ತೆ. "ಬೇಗ ಮಾತ್ರ ಮುಗಿಸ್ಬೇಡ."