ಒಳಗಿಂದ ಕೇಳುವವನು

ನನ್ನ ಭಾವಮೈದನಿಗೆ ಕಾಫಿ ಕೊಡುವ ಮುನ್ನ ಯೋಚಿಸಿ. ಲೋಟ ತುಟಿಗೆ ತಾಗುವ ಮೊದಲೇ ಅವನು ನಿಮ್ಮ ಹಾಲಿನವನ ಜಾತಕ ಬಿಚ್ಚುತ್ತಾನೆ. ಎಮ್ಮೆಯೋ ಹಸುವೋ, ಬೆಳಗಿನದೋ ಸಂಜೆಯದೋ, ನೀರು ನಲ್ಲಿಯದೋ ಬೋರ್‌ವೆಲ್ಲಿನದೋ. ಕಾಫಿ ಹೇಗಿದೆ ಎಂದು ಮಾತ್ರ ಹೇಳುವುದಿಲ್ಲ.

ಇದು ಅವನ ಕೆಲಸದ ರೋಗ. ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲೋ ಒಂದು ದೊಡ್ಡ ಕಂಪ್ಯೂಟರ್ ಇರುತ್ತದೆ, ವಠಾರದ ಹಾಗೆ. ಅದರೊಳಗೆ ಹತ್ತಾರು ಬಾಡಿಗೆ ಕಂಪ್ಯೂಟರ್‌ಗಳು. ಮುಟ್ಟಲು ಸಿಗುವುದಿಲ್ಲ, ಎಲ್ಲ ವರ್ಚುವಲ್. ಆದರೂ ಪ್ರತಿಯೊಂದಕ್ಕೂ ಇಡೀ ಮನೆ ತನ್ನದೇ ಎಂಬ ಭ್ರಮೆ. ನೀರು, ಕರೆಂಟು ಹಂಚುವ ವಠಾರದ ಯಜಮಾನ ಕೆಳಗಿರುತ್ತಾನೆ, ಕಣ್ಣಿಗೆ ಬೀಳುವುದಿಲ್ಲ. ಅವನ ಹೆಸರು ಹೈಪರ್‌ವೈಸರ್. ಬಾಡಿಗೆ ಮನೆಯೊಳಗೆ ಕೂತೇ ಆ ಯಜಮಾನ ಯಾರು, ಯಾವ ವರ್ಷನ್ ಎಂದು ಪತ್ತೆ ಹಚ್ಚುವುದು ನನ್ನ ಭಾವಮೈದನ ಪರಮಾನಂದ.

"ಕಾಣ್ದೇ ಇರೋನನ್ನ ಹೆಂಗೋ ಹಿಡೀತೀಯ?"

"ಕೇಳ್ಬೇಕು ಭಾವ. ಏನು ಹೇಳ್ತಾನೆ, ಎಷ್ಟು ತಡ ಮಾಡ್ತಾನೆ ನೋಡ್ಬೇಕು. ತಡ ಆಯ್ತು ಅಂದ್ರೆ ಕೆಳಗೇನೋ ಇದೆ ಅಂತ."

ದೇವನಹಳ್ಳಿಯ ಒಂದು ಹೋಟೆಲಿನಲ್ಲೂ ಇದೇ ಆಟ. ಮತ್ತೆ ಮತ್ತೆ ಇಡ್ಲಿ ಕೇಳಿದ. ಪ್ರತಿ ಸಲವೂ ಹಿತ್ತಲಲ್ಲಿ ಸ್ಕೂಟರ್ ನಿಂತ ಮೇಲೆಯೇ ಇಡ್ಲಿ ಬಂತು. "ಇಡ್ಲಿ ಇಲ್ಲಿ ಬೇಯ್ತಾ ಇಲ್ಲ" ಎಂದು ಗಟ್ಟಿಯಾಗಿ ಸಾರಿದ. ಮಾಲೀಕ ಓಡಿ ಬಂದು, "ಸಾರ್, ತಾವು ಯಾವ ಇಲಾಖೆ?" ಎಂದು ಎರಡು ಲೋಟ ಬಾದಾಮಿ ಹಾಲು ಇಟ್ಟ. ಭಾವಮೈದ ಅದು ಯಾವ ಡೈರಿಯದೆಂದು ವಿಚಾರಿಸುವಷ್ಟರಲ್ಲಿ ಎರಡನ್ನೂ ನಾನೇ ಕುಡಿದು ಮುಗಿಸಿದೆ.

ನಗುತ್ತಾ ಹೇಳುತ್ತಿದ್ದೇನೆ, ಆದರೆ ಈ ಮನುಷ್ಯನನ್ನು ಕಂಡರೆ ನನಗೊಂದು ಭಯವಿತ್ತು. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸಿ, ಆಮೇಲೆ ಸ್ವಂತ ಸೀರೆ ಅಂಗಡಿ ಹಾಕಿದವನು ನಾನು. ಮಗ್ಗದ ಸದ್ದು ನನ್ನ ಎಡಗಿವಿಯಲ್ಲಿ ಸೇರಿಕೊಂಡು, ಕೊನೆಗೆ ಕಿವಿಯನ್ನೇ ಖಾಲಿ ಮಾಡಿಸಿತು. ಹೆಂಡತಿಗೂ ಹೇಳಿರಲಿಲ್ಲ. ನಿಮಗೊಂದು ಬುದ್ಧಿಮಾತು: ಚೌಕಾಸಿಗೆ ಕೂತಾಗ "ಏನಂದ್ರಿ?" ಎಂದು ಮಾತ್ರ ಕೇಳಬೇಡಿ. ಎರಡನೇ ಸಲ ಹೇಳುವಾಗ ಎದುರಿನವನು ಗಟ್ಟಿಯಾಗಿಬಿಡುತ್ತಾನೆ. ಕಿವಿ ಮಂದ ಎಂದು ಗೊತ್ತಾದರಂತೂ ನನ್ನೆದುರೇ ನನ್ನನ್ನು ಮಾರಿಬಿಡುತ್ತಾರೆ. ಹಾಗಾಗಿ ಕೇಳಿಸದಾಗಲೆಲ್ಲ ಮೀಸೆ ತಿರುವುತ್ತಾ ಸುಮ್ಮನಿರುತ್ತಿದ್ದೆ. "ಭಾರೀ ಗಟ್ಟಿ ಆಸಾಮಿ" ಎಂಬ ಹೆಸರು ಬಂತು.

ಇಂಥ ಅಂಗಡಿಗೆ ಅವನು ಪ್ರತಿ ಭಾನುವಾರ ಬರುತ್ತಾನೆ. ಕೂರಲು ನನ್ನ ಎಡಮಗ್ಗುಲೇ ಬೇಕು. ಗಿರಾಕಿ ಬಂದರೂ ಏಳುವುದಿಲ್ಲ, ಪಾಪ ಅವರೇ ಬಲಗಡೆಗೆ ಸುತ್ತಿ ಬರಬೇಕು. ಸಾಲದ್ದಕ್ಕೆ ಯಾರು ಏನಂದರೂ ಅದನ್ನೇ ಗಿಣಿಯ ಹಾಗೆ ಗಟ್ಟಿಯಾಗಿ ಒಪ್ಪಿಸುತ್ತಾನೆ. "ಹಸಿರಂಚು ಬೇಕಾ? ಹಸಿರಾ?" ನನ್ನ ಹೆಂಡತಿಯನ್ನು ಕೇಳಿದರೆ, "ನನ್ನ ತಮ್ಮ ಸ್ವಲ್ಪ ಹಂಗೇ" ಎನ್ನುತ್ತಾಳೆ.

ಮೊನ್ನೆ ಭಾನುವಾರ, ಬಿಲ್ಲು ಹಾಕಲು ನಮಗೆ ಇಂಥದೇ ವರ್ಚುವಲ್ ಕಂಪ್ಯೂಟರನ್ನು ಬಾಡಿಗೆಗೆ ಕೊಟ್ಟವನು ದರ ಏರಿಸಲು ಬಂದ. "ಎಲ್ಲಾ ಲೇಟೆಸ್ಟ್ ಸರ್." ಭಾವಮೈದ ಅದರೊಳಗೆ ಹೊಕ್ಕು ನಾಲ್ಕು ಅಕ್ಷರ ಒತ್ತಿದ. ಬಯೋಸ್ ಎಂಬುದರ ತಾರೀಕು ಬಂತು. ಅದು ಕೆಳಗಿನ ಯಜಮಾನನೇ ಬರೆದುಕೊಟ್ಟ ಜನ್ಮಪತ್ರಿಕೆಯಂತೆ.

"ಹಳೇ ವರ್ಷನ್ ಗುರು ಇದು. ಮಾಡಿದೋರೇ ಕೈಬಿಟ್ಟಿದಾರೆ."

"ಒಳಗಿಂದ ಅದೆಲ್ಲ ಕಾಣಲ್ಲ ಸರ್."

"ಕಾಣಲ್ಲ. ಕೇಳ್ದೆ, ಹೇಳ್ತು."

ಬಂದವನು ತಲೆ ತಗ್ಗಿಸಿ ಏನೋ ಗೊಣಗಿದ. ನಾನು ಮೀಸೆ ತಿರುವಿದೆ. ಇನ್ನೂ ಮೆಲ್ಲಗೆ ಗೊಣಗಿದ.

"ಹೊಸದಕ್ಕೆ ಹಾಕಿ ಅರ್ಧ ದರಕ್ಕೆ ಕೊಡ್ತೀರಾ? ಅರ್ಧಕ್ಕಾ?" ಎಂದಿತು ಗಿಣಿ.

ತಕ್ಷಣ ತಲೆಯಾಡಿಸಿದೆ.

ಅವನು ಹೋದ ಮೇಲೆ ಭಾವಮೈದ ಕೇಳಿದ, "ಭಾವ, ಎಡಗಿವಿ ಯಾವಾಗಿಂದ?"

"ಯಾವನೋ ಹೇಳಿದ್ದು?"

"ಯಾರೂ ಹೇಳಿಲ್ಲ. ಬಲಗಡೆಯಿಂದ ಕೇಳಿದ್ರೆ ಥಟ್ ಅಂತ ಉತ್ತರ. ಎಡಗಡೆಯಿಂದ ಕೇಳಿದ್ರೆ ಮೀಸೆ. ನಂಗೆ ಗೊತ್ತಾಗಿ ತುಂಬಾ ದಿನ ಆಯ್ತು."

ಗಿಣಿ ಇಷ್ಟು ದಿನ ಯಾರಿಗಾಗಿ ಮಾತಾಡುತ್ತಿತ್ತು, ನನ್ನ ಎಡಮಗ್ಗುಲನ್ನು ಯಾಕೆ ಬಿಟ್ಟುಕೊಡುತ್ತಿರಲಿಲ್ಲ ಎಂದು ಆಗ ಹೊಳೆಯಿತು.

"ನಿಮ್ಮಕ್ಕನಿಗೆ ಹೇಳ್ಬಿಟ್ಟಿದೀಯೇನೋ?"

"ಇಲ್ಲ. ನೀವೇ ಹೇಳ್ಲಿ ಅಂತ. ಮೊದ್ಲು ಡಾಕ್ಟರ್‌ಗೆ ತೋರಿಸ್ಕೊಂಡ್ ಬನ್ನಿ."

"ಒಬ್ನೇ ಎಲ್ಲಿ ಹೋಗ್ಲೋ ಅಂಗಡಿ ಬಿಟ್ಟು?"

ಅವನು ನೆಲ ನೋಡುತ್ತಾ ಏನೋ ಅಂದ. ನನ್ನ ಕೈ ಮೀಸೆಯತ್ತ ಹೊರಟಿತು. ಅರ್ಧದಲ್ಲೇ ಇಳಿಸಿದೆ.

"ಏನಂದೆ?"

ಅವನು ಎದ್ದು, ಬಲಗಡೆಗೆ ಬಂದು ಕೂತ.

"ಜೊತೆಗೆ ಬರ್ತೀನಿ ಅಂದೆ, ಭಾವ."