ಒಂದು ಮೊಳದ ಮನೆಗಳು

ಸಣ್ಣ ಮನೆ ಕಟ್ಟುವವನಿಗೆ ಫಜೀತಿಯೂ ಸಣ್ಣದೇ ಇರಬೇಕು ಎಂದು ನಾನು ತಿಳಿದಿದ್ದೆ. ಹಾಗೇನೂ ಆಗಲಿಲ್ಲ. ತಿಂಗಳಿಗೊಂದಾದರೂ ಬಂದು ನನ್ನ ಬಾಗಿಲು ಬಡಿಯುತ್ತಿತ್ತು.

ಸೇಡಂನಲ್ಲಿ ಬಾಗಿಲು, ಚೌಕಟ್ಟು ಮಾಡಿಕೊಂಡಿದ್ದ ಬಡಿಗ ನಾನು. ಸೊಂಟ ಹಿಡಿದ ಮೇಲೆ ಭಾರದ ಕೆಲಸ ಬಿಟ್ಟೆ. ಮನೆಯ ಪಡಸಾಲೆಯಲ್ಲೇ ಕೂತು, ಮಿಕ್ಕ ಸಾಗವಾನಿ ತುಂಡುಗಳಲ್ಲಿ ಗೊಂಬೆಗಳಿಗೆ ಮನೆ, ಮಂಚ, ಕಪಾಟು ಮಾಡತೊಡಗಿದೆ. ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಹೆಂಡತಿಗೆ ಇದು ಕೆಲಸವೆಂದೇ ಅನ್ನಿಸಲಿಲ್ಲ.

"ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದೇ ಒಂದು ಸಾಮಾನು ವಾಪಸ್ ಬಂತಂದ್ರ ಮುಗೀತು. ಮರುದಿನಾನೇ ಶಹಾಬಾದಕ್ಕ ಹೋಗಿ ನಮ್ಮಣ್ಣನ ಕಲ್ಲಿನ ಗಣಿಯೊಳಗ ಹಾಜರಿ ಕೂಗಬೇಕು. ಅದಕ್ಕ ಸೊಂಟ ಬೇಕಾಗಿಲ್ಲ, ಬಾಯಿ ಇದ್ರ ಸಾಕು."

ಉಳಿ ಹಿಡಿದು ಬೆಳೆದ ಕೈ ನನ್ನದು. ಅದನ್ನು ಕಟ್ಟಿಕೊಂಡು ಬಿಸಿಲಲ್ಲಿ ನಿಂತು ಹೆಸರು ಕೂಗುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಮೊದಲೇ ನಾನು ಪುಕ್ಕಲ. ಅಂದಿನಿಂದ ಯಾರು ಬಾಗಿಲು ಬಡಿದರೂ, ಬಂದವರ ಮುಖ ಬಿಟ್ಟು ಕೈ ನೋಡುವ ಚಟ ಹತ್ತಿತು.

ಮಂಚ

ಮಳಖೇಡದ ಗೌಡರ ವಾಡೆಯಲ್ಲಿ ಗೊಂಬೆ ಮದುವೆ. ಹೆಣ್ಣುಗೊಂಬೆ ಗೌಡರ ಮಗಳದು, ಗಂಡುಗೊಂಬೆ ಎದುರುಮನೆಯ ಹುಡುಗಿಯದು. ಹೆಣ್ಣಿನ ಕಡೆಯಿಂದ ಕೊಡಬೇಕೆಂದು ಗೌಡರ ತಾಯಿ ನನ್ನಿಂದ ಮಂಚ ಮಾಡಿಸಿದ್ದರು. ನಾನು ಹೆಣ್ಣುಗೊಂಬೆಯ ಅಳತೆ ತೆಗೆದುಕೊಂಡು ಬಂದಿದ್ದೆ. ಗಂಡು ಎಷ್ಟು ಉದ್ದ ಎಂದು ಕೇಳುವ ಬುದ್ಧಿ ಬರಲಿಲ್ಲ.

ಮದುವೆಯ ಮರುದಿನ ಕರೆ ಬಂತು. ಹೋಗಿ ನೋಡಿದರೆ ವರನನ್ನು ಮಂಚದ ಮೇಲೆ ಮಲಗಿಸಿದ್ದಾರೆ, ಕಾಲು ನಾಲ್ಕು ಬೆರಳು ಹೊರಗಿವೆ. ಬೀಗಿತ್ತಿಯಾದ ಎದುರುಮನೆ ಹುಡುಗಿ ಸೊಂಟಕ್ಕೆ ಕೈಯಿಟ್ಟು, "ನಮ್ಮ ಹುಡುಗ ಹಿಂಗ ಮಲಗಂಗಿಲ್ಲ, ಮಂಚ ಬ್ಯಾರೆ ಬೇಕು" ಎಂದು ಕೂತಿದ್ದಾಳೆ. "ಅಮ್ಮಾವ್ರ, ವಾಪಸ್ ಮಾತ್ರ ಕೊಡಬ್ಯಾಡ್ರಿ, ಇಲ್ಲೇ ಕುಂತು ಸುಧಾರಸ್ತೀನಿ" ಎಂದು ಕೈಮುಗಿದೆ.

ಮುದುಕಿ ಮಂಚವನ್ನು ಎತ್ತಿ, ತಿರುಗಿಸಿ, ಕಾಲು ಅಲ್ಲಾಡಿಸಿ ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಹೇಳಿದರು: "ಮಂಚ ಭಾಳ ಚಲೋ ಆಗ್ಯಾದ. ವರನ್ನ ಬದಲು ಮಾಡೋಣು."

ಸ್ಟೇಷನ್ನಿನಲ್ಲಿ

ಚಿಂಚೋಳಿಯ ಡಾಕ್ಟರರ ಮಗಳಿಗೆ ಮಾಳಿಗೆ ಮನೆ ಮಾಡಿ, ಧೋತರದಲ್ಲಿ ಸುತ್ತಿ, ತಾಂಡೂರಿನ ಗಾಡಿಗೆ ಹೊರಟಿದ್ದೆ. ನಿಜಾಮರ ಕಾಲದ ಗಲಭೆ ಅಡಗಿದ್ದರೂ ಆಗಿನ್ನೂ ಪೊಲೀಸರಿಗೆ ಎಲ್ಲರ ಗಂಟಿನ ಮೇಲೂ ಅನುಮಾನ. ಒಬ್ಬ ಪೊಲೀಸ ತಡೆದ.

"ಏನದ ಅದರಾಗ?"

"ಮನಿ ಅದರಿ."

ಗಂಟು ಬಿಚ್ಚಿಸಿದ. ಬೆರಳಿನಿಂದ ಒಂದೊಂದೇ ಬಾಗಿಲು ತೆರೆದ, ಮಾಳಿಗೆಗೆ ಇಣುಕಿದ, ಒಳಗಿನ ಪುಟ್ಟ ಮಂಚದ ಕೆಳಗೂ ನೋಡಿದ. ಗಾಡಿ ಸಿಳ್ಳೆ ಹಾಕುತ್ತಿದೆ.

"ಒಳಗ ಯಾರರೆ ಅದಾರೇನು?" ಎಂದ.

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟೇ: "ಇಲ್ರಿ ಸಾಹೇಬ್ರ, ಇನ್ನಾ ವಾಸ್ತುಶಾಂತಿ ಆಗಿಲ್ರಿ."

ಪೊಲೀಸ ತೆರೆದ ಬಾಗಿಲನ್ನು ತಾನೇ ಮೆಲ್ಲಗೆ ಮುಚ್ಚಿದ. "ಆದಾಗ ಊಟಕ್ಕ ಕರೀರಿ" ಎಂದ.

ಗುಡಿ

ಕುರಕುಂಟಾದ ಒಬ್ಬ ರೈತ ಚಿತ್ತಾಪುರದ ಕಚೇರಿಗೆ ಹೋಗಿ ಬಂದವನು ನನಗೊಂದು ಸುದ್ದಿ ತಂದ. "ಕಚೇರಿ ಪೇಶಕಾರ ಸಾಹೇಬ್ರಿಗೆ ಒಂದು ಗುಡಿ ಬೇಕಂತ ನೋಡ್ರಿ. ಮೊಳ ಎತ್ತರ, ಸಾಗವಾನಿದು."

ಪೇಶಕಾರರು, ಅಂದರೆ ಕಚೇರಿಯ ಹಿರಿಯ ಗುಮಾಸ್ತರು, ಐದು ಹೊತ್ತು ನಮಾಜು ಮಾಡುವವರು. ಅವರಿಗೇಕೆ ಗುಡಿ? ಹೆಂಡತಿಯನ್ನು ಕೇಳಿದೆ. "ಹೊಸ ತಹಸೀಲದಾರ್ರಿಗೆ ಕೊಡ್ಲಿಕ್ಕಿರಬೇಕು. ದೊಡ್ಡೋರ್ನ ಕೇಳಲಿಕ್ಕೆ ಹೋಗಬ್ಯಾಡ್ರಿ" ಎಂದಳು. ನನಗೂ ಸರಿ ಅನ್ನಿಸಿತು. ನಾಲ್ಕು ಕಂಬ, ಮೇಲೊಂದು ಗೋಪುರ, ಅದರ ತುದಿಗೆ ಹಿತ್ತಾಳೆಯ ಕಳಸ ಕೂಡಿಸಿದೆ. ಅಂಥ ಕೆಲಸ ನನ್ನ ಕೈಯಿಂದ ಮತ್ತೆ ಆಗಲಿಲ್ಲ.

ಪೇಶಕಾರರ ಅಂಗಳದಲ್ಲಿ ಬಟ್ಟೆ ಸರಿಸಿದೆ. ಸಾಹೇಬರು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಪರದೆಯ ಹಿಂದೆ ಬಳೆ ಸದ್ದು ನಿಂತಿತು. ಅವರ ಮಗಳು ಅರಿವೆ ಗೊಂಬೆ ಎದೆಗವಚಿಕೊಂಡು ನಿಂತಿದ್ದಳು.

"ಇದೇನ್ರಿ ಇದು?"

"ಗುಡಿರಿ."

"ಅರೆ, ನಾ ಹೇಳಿದ್ದು ಗುಡಿಯಾದ್ದು ಮನಿ!"

ದಖನಿ ಉರ್ದುವಿನಲ್ಲಿ ಗುಡಿಯಾ ಎಂದರೆ ಗೊಂಬೆ. ಅದು ನನಗೂ ಗೊತ್ತು, ಊರ ಮಕ್ಕಳಿಗೂ ಗೊತ್ತು. ಆದರೆ ಆ ರೈತ ಬರುವ ದಾರಿಯಲ್ಲಿ 'ಯಾ' ಉದುರಿಸಿಕೊಂಡು ಬಂದಿದ್ದ.

ಒಂದು ಕಡೆ, ಗಲಭೆಯ ಗಾಯ ಇನ್ನೂ ಮಾಯದ ದಿನಗಳಲ್ಲಿ ಇವರ ಅಂಗಳಕ್ಕೆ ಗುಡಿ ತಂದಿಟ್ಟಿದ್ದೇನೆ. ಇನ್ನೊಂದು ಕಡೆ ಹಾಜರಿ ಪುಸ್ತಕ ಕಣ್ಣಿಗೆ ಕಟ್ಟಿದೆ. "ತಪ್ಪಾತ್ರಿ, ವಾಪಸ್..." ಎಂದೆ.

ಅಷ್ಟರಲ್ಲಿ ಹುಡುಗಿ ಗೊಂಬೆಯನ್ನು ಗುಡಿಯೊಳಗೆ ಕೂಡಿಸಿ, ಎರಡೂ ಕೈಯಿಂದ ಕಂಬ ಹಿಡಿದಳು. ತೆಗೆಯಹೋದರೆ ಊರು ಕೇಳುವಂತೆ ಅತ್ತಳು.

ಪರದೆಯ ಹಿಂದಿನಿಂದ ಸಾಹೇಬರ ತಾಯಿಯ ದನಿ ಬಂತು: "ಮಿಕ್ಕಿದ್ದೆಲ್ಲಾ ಚಲೋ ಅದ. ಆದ್ರ ನಾಕೂ ಕಡಿ ತೆರದದ, ನಮ್ಮ ಗುಡಿಯಾಕ್ಕ ಪರದಾ ಎಲ್ಲಿ?"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪರದಾ ನಮ್ಮನಿಯಾಕಿ ಹೊಲೀತಾಳ. ನೀವು ಮ್ಯಾಲಿಂದು ಅದೊಂದು ತಕ್ಕೊಳ್ರಿ. ಹವೇಲಿ ಆಗ್ತದ" ಎಂದರು. ಕಳಸ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ.

ಮನೆಗೆ ಬಂದು ಅಂಗಿ ತೆಗೆಯುವಾಗ ಕಳಸ ಠಣ್ ಎಂದು ಹೆಂಡತಿಯ ಕಾಲ ಬಳಿ ಬಿತ್ತು. ಆಕೆ ಅದನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು.

"ವಾಪಸ್ ಬಂತೇನು?"

ಸುಳ್ಳು ಹೇಳಲು ಧೈರ್ಯ ಬೇಕು, ಅದು ನನ್ನಲ್ಲಿಲ್ಲ. "ಮನಿ ಅಲ್ಲೇ ಉಳೀತು. ದೇವ್ರಷ್ಟೇ ವಾಪಸ್ ಬಂದಾನ" ಎಂದು ಕಣ್ಣು ಮುಚ್ಚಿ ನಿಂತೆ.

ಬೈಗುಳ ಬರಲಿಲ್ಲ. ಕಣ್ಣು ತೆರೆದರೆ, ಆಕೆ ಕಳಸವನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ದೇವರ ಜಗಲಿಯ ಮೇಲೆ ಇಡುತ್ತಿದ್ದಾಳೆ.

"ದೇವ್ರು ತಾನಾಗೇ ಮನಿಗಿ ಬಂದ್ರ ಅದಕ್ಕ ವಾಪಸ್ ಅಂತಾರೇನ್ರಿ?" ಎಂದಳು. "ಮಡ್ಡ ಅದೀರಿ. ಹೋಗಿ ಕೈಕಾಲು ತೊಳಕೊಳ್ರಿ. ನಮ್ಮಣ್ಣಗ ನೀವು ಬರಂಗಿಲ್ಲಂತ ಹೇಳಿ ಕಳಸ್ತೀನಿ."